ಷರತ್ತಿಲ್ಲದ ಒಂದು ಸಾಲು

ಕಳೆದ ಮಂಗಳವಾರ ಬೆಳಿಗ್ಗೆ ನಾನು ಒಂದೇ ಒಂದು ಸಾಲು ಬರೆದು ಇಡೀ ಕಾರ್ಖಾನೆಯ ಸರಕನ್ನು ದಾರಿ ತಪ್ಪಿಸಿದೆ.

ತೆಲುಗು ನಾಡಿನ ಜೀಡಿಮೆಟ್ಲಾದ ಔಷಧ ಕಾರ್ಖಾನೆಯ ಖರೀದಿ ವಿಭಾಗದಲ್ಲಿ ನನ್ನ ಕೆಲಸ. ನಮ್ಮ ಹಳೆಯ ಗೋದಾಮು ಮುಚ್ಚಿತ್ತು. ಅಲ್ಲಿಗೆ ಬರಬೇಕಿದ್ದ ಬಾಟಲಿ, ರಟ್ಟಿನ ಪೆಟ್ಟಿಗೆಗಳ ಪರ್ಚೇಸ್ ಆರ್ಡರುಗಳಲ್ಲೆಲ್ಲ ‘ಹೊಸ ಗೋದಾಮು’ ಎಂದು ತಿದ್ದಬೇಕಿತ್ತು. ನಾಲ್ಕುನೂರಕ್ಕೂ ಹೆಚ್ಚು! ಒಂದೊಂದೇ ತೆರೆದು ಟೈಪ್ ಮಾಡುತ್ತ ಕೂತರೆ ವಾರ ಬೇಕು. ಡೇಟಾಬೇಸಿಗೆ ಪುಟ್ಟದೊಂದು ಸ್ಕ್ರಿಪ್ಟ್, ಅಂದರೆ ಒಂದು ಸಾಲಿನ ಆಜ್ಞೆ, ಕೊಟ್ಟರೆ ಅರೆಗಳಿಗೆ. (ಪುಸ್ತಕ ನೋಡಿ ನಾನೇ ಕಲಿತದ್ದು. ಸ್ವಲ್ಪ ಜಂಬವೂ ಇತ್ತು.)

ಕೊಟ್ಟೆ. ‘ಹಳೆ ಗೋದಾಮಿನವು ಮಾತ್ರ’ ಎಂಬ ಷರತ್ತು ಬರೆಯುವುದನ್ನೇ ಮರೆತಿದ್ದೆ. ಇದ್ದಬದ್ದ ಆರ್ಡರುಗಳೆಲ್ಲ ಹೊಸ ಗೋದಾಮಿಗೆ ತಿರುಗಿದವು.

ಗೊತ್ತಾದದ್ದು ಮಧ್ಯಾಹ್ನ, ಸ್ಟೋರ್ಸಿನ ಮಲ್ಲಪ್ಪನವರ ಫೋನಿನಿಂದ. ರಾಯಚೂರಿನವರು. ಮೂವತ್ತು ವರ್ಷ ಗೋದಾಮಿನಲ್ಲೇ ಕಳೆದವರು. ಕಂಪ್ಯೂಟರ್ ಮುಟ್ಟಿದವರಲ್ಲ.

“ಮೇಡಂರೀ, ಸಾಲ್ವೆಂಟ್ ಲಾರಿ ಹೊಸ ಗೋದಾಮಿಗೆ ಬಂದು ನಿಂತೈತ್ರಿ. ಗೇಟಿನಾಗ ಕೊಟ್ಟ ಚೀಟಿಯೊಳಗ ಹಂಗ ಐತಂತ. ಇಲ್ಲಿ ಪಕ್ಕದಾಗ ವೆಲ್ಡಿಂಗ್ ನಡದೈತಿ. ನಾ ಒಂದು ಡ್ರಮ್ಮೂ ಇಳಿಸಗೊಡಂಗಿಲ್ಲ.”

ಕಿಡಿ ತಾಗಿದರೆ ಹೊತ್ತಿಕೊಳ್ಳುವ ದ್ರವ ಅದು. ಅದಕ್ಕೆ ಬೇರೆಯದೇ ಕಟ್ಟಡವಿದೆ.

ಕಂಪ್ಯೂಟರ್ ಕೈಕೊಟ್ಟಿತು ಎನ್ನಬಹುದಿತ್ತು. ಎಲ್ಲರೂ ಅನ್ನುವುದು ಅದನ್ನೇ ತಾನೆ? ನಾನು ನೇರ ಮ್ಯಾನೇಜರ್ ಮುಂದೆ ನಿಂತು, “ತಪ್ಪು ನನ್ನದು ಸರ್. ಮೊದಲು ಉಳಿದ ಲಾರಿಗಳನ್ನು ಗೇಟಿನಲ್ಲೇ ತಡೆಯಿರಿ” ಎಂದೆ. ತಡೆದರು; ಸಾಲ್ವೆಂಟ್ ಲಾರಿಯನ್ನು ಅದರ ಕಟ್ಟಡಕ್ಕೆ ಕಳಿಸಿದರು. ಆಮೇಲೆ ತೆಲುಗಿನಲ್ಲಿ ಚೆನ್ನಾಗಿ ಬೈದರು. ಇನ್ನು ಸ್ಕ್ರಿಪ್ಟು ಗಿಪ್ಟು ಬೇಡ, ಕೈಯಲ್ಲೇ ಟೈಪ್ ಮಾಡಿ ಎಂದು ಅಪ್ಪಣೆಯೂ ಆಯಿತು.

ನಾನು ಕದಲಲಿಲ್ಲ. “ಒಂದು ಅವಕಾಶ ಕೊಡಿ. ಮಲ್ಲಪ್ಪನವರು ಸೈ ಅಂದ ಮೇಲೆ ಮಾತ್ರ ಬಟನ್ ಒತ್ತುತ್ತೇನೆ.”

ಇದೊಂದೇ ಸಲ ಎಂದು ಒಪ್ಪಿದರು.

ಹಿಂದಿನ ದಿನದ ಬ್ಯಾಕಪ್ಪಿನಿಂದ ದಾಖಲೆಗಳನ್ನು ಮರಳಿ ತಂದೆ. (ಆ ಬೆಳಗಿನ ನಮೂದುಗಳನ್ನೆಲ್ಲ ಮತ್ತೆ ಟೈಪ್ ಮಾಡಿದವಳೂ ನಾನೇ. ಶಿಕ್ಷೆ ಅನ್ನಿ.) ಈ ಸಲ ಏನನ್ನೂ ಬದಲಿಸದೆ, ಬದಲಾಗಬೇಕಾದ ಆರ್ಡರುಗಳ ಪಟ್ಟಿಯನ್ನಷ್ಟೇ ಪ್ರಿಂಟ್ ತೆಗೆದು ಗೋದಾಮಿಗೆ ನಡೆದೆ. ಮಲ್ಲಪ್ಪನವರು ಕನ್ನಡಕ ಏರಿಸಿ, ಸಾಲುಸಾಲಿಗೂ ಬೆರಳಿಟ್ಟು ಓದಿದರು.

“ಈ ಏಳು ತಗೀರಿ. ಹಳೇ ಗೋದಾಮಿನವು ಖರೆ, ಆದ್ರ ಇದು ಲೇಬಲ್ ಅಂಟಿಸೋ ಗೋಂದು. ಇದೂ ಬೆಂಕಿ ಹಿಡಿಯೋ ಮಾಲು. ಹಳೇದ್ರಾಗ ಅದಕ್ಕ ಬ್ಯಾರೆ ಕೋಣಿ ಇತ್ತು, ಹೊಸಾದ್ರಾಗ ಎಲ್ಲೈತ್ರಿ?”

ಅಂದರೆ, ಷರತ್ತು ಸರಿಯಾಗಿ ಬರೆದಿದ್ದರೂ ನಾನು ತಪ್ಪುತ್ತಿದ್ದೆ!

ಆ ಏಳನ್ನು ಕೈಯಲ್ಲೇ ಸಾಲ್ವೆಂಟ್ ಕಟ್ಟಡಕ್ಕೆ ಬರೆದು, ಉಳಿದವಕ್ಕೆ ಸ್ಕ್ರಿಪ್ಟ್ ಓಡಿಸಿದೆ. ಪಟ್ಟಿಯಲ್ಲಿ ಉಳಿದಷ್ಟೇ ಬದಲಾದವು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಈಗ ಇಲ್ಲಿನ ಅಮೀರ್‌ಪೇಟೆಯಲ್ಲಿ ಹೆಜ್ಜೆಗೊಂದು ಕಂಪ್ಯೂಟರ್ ಕೋರ್ಸ್. ಡೇಟಾಬೇಸ್ ಮುಟ್ಟುವ ಮೊದಲು ಗೋದಾಮಿಗೊಮ್ಮೆ ಹೋಗಿ ಬನ್ನಿ ಎಂದು ಯಾವುದರಲ್ಲಿ ಕಲಿಸುತ್ತಾರೆ, ಹೇಳಿ?