ಕೆರೆ ಬಾಯಿಗೆ ಜೊಂಡು ನೆಟ್ಟದ್ದು

ಮಕ್ಕಳೇ, ಕೊಪ್ಪದ ಹತ್ತಿರದ ನಮ್ಮ ಕೆರೆಯಲ್ಲಿ ನೀವು ಪೆಡಲ್ ಬೋಟು ತುಳಿದು, ಬಟ್ಟೆ ಒದ್ದೆ ಮಾಡಿಕೊಂಡು ಬರುತ್ತೀರಿ. ಆ ನೀರನ್ನು ಕಾಯುತ್ತಿರುವವಳು ನಿಮ್ಮ ತಾತನ ತಂಗಿ, ನನ್ನ ನಾದಿನಿ. ತಾತ ಹೋದ ಮೇಲೆ ಹೊಸಿಲು ದಾಟಲೂ ನಾಚುತ್ತಿದ್ದ ನನ್ನ ಕೈಗೆ ಕುಡುಗೋಲು ಕೊಟ್ಟು ಕೆರೆಗೆ ಇಳಿಸಿದವಳೂ ಅವಳೇ.

ಪಂಚಾಯಿತಿಯವರು ಬೋಟು ಬಿಟ್ಟಾಗ ಕಳೆ ತೆಗೆಯುವ ಕೆಲಸವನ್ನು ಆರು ಜನ ಹೆಂಗಸರಿಗೆ ವಹಿಸಿದರು. ನಾದಿನಿಯೇ ಮೇಸ್ತ್ರಿ. ಬೋಟು ಓಡಾಡುವ ಕಡೆ ಒಂದು ಅಂತರಗಂಗೆ ಗಿಡವನ್ನೂ ಉಳಿಸುತ್ತಿರಲಿಲ್ಲ. ಆದರೆ ಗದ್ದೆಗಳ ಬಸಿನೀರು ಕೆರೆಗೆ ಬೀಳುವ ಬಾಯಲ್ಲಿ ಆಳೆತ್ತರ ಬೆಳೆದಿದ್ದ ಜೊಂಡನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

ಒಮ್ಮೆ ಅವಳು ಮಗಳ ಬಾಣಂತನಕ್ಕೆ ಮಳವಳ್ಳಿಗೆ ಹೋದಳು. ಆಗಲೇ ಯಾರೋ ದೊಡ್ಡವರು ಕೆರೆ ನೋಡಲು ಬರುವವರಿದ್ದರು. ಪಂಚಾಯಿತಿ ಅಧ್ಯಕ್ಷರು ಬಂದು, "ಅದೇನವ್ವ, ಅಲ್ಲಿ ಕಾಡು ಬೆಳ್ಸಿದ್ದೀರಿ? ಎಲ್ಲಾ ಕಿತ್ತು ಚೊಕ್ಕಟ ಮಾಡಿ" ಅಂದರು. ಬೇಡವೆನ್ನಬೇಕೆಂದು ನನಗೆ ಗೊತ್ತಿತ್ತು. ಗಂಡಸರ ಮುಂದೆ ನಾಲಿಗೆ ಏಳಲಿಲ್ಲ. ಸೆರಗು ಸಿಕ್ಕಿಸಿಕೊಂಡು ಬುಡಸಮೇತ ಕಿತ್ತೆವು. ನೋಡಲು ಚೆನ್ನಾಗಿಯೇ ಕಂಡಿತು.

ಮುಂದೆ ಕಬ್ಬಿನ ಗದ್ದೆಗಳ ಗೊಬ್ಬರದ ನೀರು ತಡೆಯಿಲ್ಲದೆ ಒಳಗೆ ಬಂತು. ತಿಂಗಳೊಳಗೆ ಕೆರೆಯೆಲ್ಲ ಪಾಚಿ. ನಾತಕ್ಕೆ ಜನ ಬರುವುದನ್ನು ಬಿಟ್ಟರು, ಬೋಟು ನಿಂತವು. ವಾಪಸು ಬಂದ ನಾದಿನಿ ಬೋಳಾದ ಕೆರೆ ಬಾಯನ್ನು ನೋಡಿದಳು.

"ಏನತ್ಗೆ, ಸೋಸೋ ಜರಡೀನೇ ಒಲೆಗಾಕ್ಬುಟ್ರಾ?"

"ಅಧ್ಯಕ್ಷ್ರು ಹೇಳಿದ್ರು ಕಣವ್ವ."

"ನಿಂಗೆ ಬಾಯಿರಾದು ಬರೀ ಎಲೆಅಡ್ಕೆ ಆಕ್ಕೊಳಕ್ಕಾ?"

ಪಂಚಾಯಿತಿ ಸಭೆಯಲ್ಲಿ, ಹೆಂಗಸರನ್ನು ಬಿಡಿಸಿ ಕಂಟ್ರಾಕ್ಟರಿಗೆ ಕೊಡೋಣ, ಪಾಚಿ ಸಾಯಲು ಔಷಧಿ ಹೊಡೆದರೆ ಮೂರು ದಿನದ ಕೆಲಸ ಎಂಬ ಮಾತು ಬಂತು. ನಾದಿನಿ ಎದ್ದು ನಿಂತಳು.

"ಕಬ್ಬಿನ ಗದ್ದೆಗೆ ಒಡ್ದಂಗೆ ಕೆರೆಗೂ ಒಡುದ್ರೆ ಮೀನು ಏನ್ ಕುಡೀಬೇಕು? ಸತ್ತಿದ್ದೆಲ್ಲ ತಳದಲ್ಲಿ ಕೊಳ್ತು ಇನ್ನೂ ನಾರ್ತದೆ. ಜೊಂಡು ಕಿತ್ತೋರು ನನ್ ಜನ, ತಪ್ಪು ನಂದು. ಮಳೆಗಾಲ ಕಳೆಯೋಗಂಟ ಟೈಮ್ ಕೊಡಿ. ಆಗ್ಲೂ ಸರಿ ಓಗ್ದಿದ್ರೆ ಬೇರೇರ್ನ ಇಟ್ಕೊಳಿ."

ನನ್ನ ಕಡೆ ಬೆರಳು ತೋರಲಿಲ್ಲ, ಅಧ್ಯಕ್ಷರ ಕಡೆಯೂ ತೋರಲಿಲ್ಲ. ಮಳೆಗಾಲ ಮುಗಿಯುವವರೆಗೆ ನೋಡೋಣವೆಂದು ಸಭೆ ಒಪ್ಪಿತು.

ಮಾರನೆಯ ವಾರ ಪಕ್ಕದೂರಿನ ಕೆರೆಯಿಂದ ಟ್ರ್ಯಾಕ್ಟರಿನಲ್ಲಿ ಜೊಂಡಿನ ಗೆಡ್ಡೆ ತರಿಸಿದಳು. ಭತ್ತದ ನಾಟಿಯ ಹಾಗೆಯೇ ಸಾಲಾಗಿ ಬಗ್ಗಿ, ಹಿಂದಹಿಂದಕ್ಕೆ ಹೆಜ್ಜೆಯಿಡುತ್ತಾ ಕೆಸರಿಗೆ ಊರಿದೆವು. ಏರಿಯ ಮೇಲೆ ಗಾಡಿ ನಿಲ್ಲಿಸಿದ ಹುಡುಗನೊಬ್ಬ ನಕ್ಕ.

"ಕಿತ್ತಿದ್ನೇ ನೆಡ್ತಾವ್ರಲ್ಲಪ್ಪ. ಕುಯ್ಲು ಯಾವಾಗಮ್ಮೋ?"

"ನಿನ್ ಮದ್ವೆ ಗೊತ್ತಾಗ್ಲಿ, ಚಾಪೆ ನೇಯಕ್ಕೆ ಕುಯ್ತೀವಿ ಕಣ್ಲಾ" ಅಂದಳು ನಾದಿನಿ, ಸೊಂಟ ಎತ್ತದೆ.

ಮೊದಲ ತಿಂಗಳು ಏನೂ ಬದಲಾಗಲಿಲ್ಲ. ಅವಳು ಮಾತ್ರ ದಿನಾ ಪಾಚಿ ಬಾಚಿಸುತ್ತಾ, ಒಣಗಿದ ಜೊಂಡಿನ ಜಾಗಕ್ಕೆ ಬೇರೆ ಗೆಡ್ಡೆ ನೆಡಿಸುತ್ತಾ ಇದ್ದಳು. ಜೊಂಡು ಚಿಗುರಿ ದಟ್ಟವಾಯಿತು. ಅದರೊಳಗೆ ಹಾದು ಬರುವ ನೀರು ನಿಧಾನವಾಗಿ ತಿಳಿಯಾಯಿತು.

ಮಳೆಗಾಲ ಕಳೆದ ಮೇಲೆ ಅಧ್ಯಕ್ಷರನ್ನು ಬೋಟಿನಲ್ಲಿ ಕೂರಿಸಿಕೊಂಡು ನಾವಿಬ್ಬರೂ ಕೆರೆಯ ನಡುವಿಗೆ ಹೋದೆವು. ನೀರೆಷ್ಟು ತಿಳಿಯಾಗಿದೆಯೆಂದು ತೋರಿಸಲು ನಾದಿನಿ ಬಿಳಿ ತಟ್ಟೆಯೊಂದಕ್ಕೆ ಕಲ್ಲು ಬಿಗಿದು, ಹಗ್ಗ ಕಟ್ಟಿ ನೀರಿಗಿಳಿಸಿದಳು. ಅಧ್ಯಕ್ಷರು ಬಗ್ಗಿದರು.

"ಕಾಣ್ತದೆ… ಇನ್ನೂ ಕಾಣ್ತದೆ ಕಣಕ್ಕ."

ಆಳು ಮುಳುಗುವಷ್ಟು ಹಗ್ಗ ಬಿಟ್ಟರೂ ತಟ್ಟೆ ಮಸುಕಾಗಿ ಕಾಣುತ್ತಿತ್ತು. ಅವರು ಸೊಂಟ ನೆಟ್ಟಗೆ ಮಾಡಿಕೊಂಡು, "ಕೆರೆ ನಿಮ್ ಕೈಲೇ ಇರ್ಲಿ" ಅಂದರು.

"ಅಂಗಾರೆ ಆರು ಜೊತೆ ಗಂಬೂಟು ಕೊಡ್ಸಿ. ಕಾಲೆಲ್ಲ ನವೆ" ಅಂದಳು ಅವಳು.