ಅಮ್ಮಚ್ಚಿ ಓದಿದ ಮೊದಲ ಕನ್ನಡ ಪತ್ರಿಕೆ

ಇವತ್ತು ಬೆಳಿಗ್ಗೆ ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ಪತ್ರಿಕೆಯ ಕಟ್ಟು ಬಿಚ್ಚುತ್ತಿದ್ದರು. ಆ ಹಸಿ ಮಸಿಯ ವಾಸನೆಗೆ ಕಡಬದ ಹಳೆಯ ಗ್ರಂಥಾಲಯವೇ ಕಣ್ಣೆದುರು ಬಂತು.

ನಮ್ಮದು ಕೇರಳದಿಂದ ಕಡಬಕ್ಕೆ ಬಂದು ರಬ್ಬರ್ ತೋಟ ಹಾಕಿದ ಕುಟುಂಬ. ಅಮ್ಮನನ್ನು ನಾವು ಅಮ್ಮಚ್ಚಿ ಎನ್ನುತ್ತಿದ್ದೆವು. ಅವರಿಗೆ ಓದಲು ಬರುತ್ತಿದ್ದುದು ಮಲಯಾಳಂ ಮಾತ್ರ. ಒಂದು ದಿನ ನನ್ನ ಜೊತೆ ಗ್ರಂಥಾಲಯಕ್ಕೆ ಬಂದು, ಗಂಡಸರೇ ತುಂಬಿದ್ದ ಬೆಂಚಿನ ತುದಿಯಲ್ಲಿ ಕೂತು ಪತ್ರಿಕೆಯ ಚಿತ್ರ ಮಾತ್ರ ನೋಡತೊಡಗಿದರು. ಪಕ್ಕದವರೊಬ್ಬರು ನಕ್ಕರು: "ಕನ್ನಡ ಓದ್ಲಿಕ್ಕೆ ಬರುದಿಲ್ಲ, ಮತ್ತೆ ಇಲ್ಲಿ ಎಂತ ಕೆಲಸ ಮಾರಾಯ್ರೆ?"

ಅಮ್ಮಚ್ಚಿ ಎದ್ದು ಬಂದರು. ಅಂದಿನಿಂದ ಒಲೆಯ ಮುಂದೆ ನನ್ನ ಪಾಠಪುಸ್ತಕ ಹಿಡಿದರು. ತಪ್ಪಿದಲ್ಲೆಲ್ಲ ನನ್ನಿಂದಲೇ ತಿದ್ದಿಸಿಕೊಂಡರು.

ಕೆಲವು ತಿಂಗಳ ಬಳಿಕ, ರಬ್ಬರ್ ಎಲೆ ಉದುರುವ ಹೊತ್ತಿಗೆ ಮತ್ತೆ ಹೋದೆವು. ಅದೇ ಬೆಂಚಿನಲ್ಲಿ ಕೂತು ಅಮ್ಮಚ್ಚಿ ಪತ್ರಿಕೆ ಬಿಡಿಸಿ ಗಟ್ಟಿಯಾಗಿ ಓದತೊಡಗಿದರು. 'ಸುಬ್ರಹ್ಮಣ್ಯ'ದ ಒತ್ತಕ್ಷರಗಳಲ್ಲಿ ತಡವರಿಸಿದರು. ಆದರೂ ಅಕ್ಷರ ಕೂಡಿಸಿ ಕೂಡಿಸಿ ದಾಟಿಯೇಬಿಟ್ಟರು. ಇಡೀ ಕೋಣೆ ಕೇಳುತ್ತಿತ್ತು.

ಅಂದು ನಕ್ಕವರೇ ಎದ್ದು ಜಾಗ ಬಿಟ್ಟರು. "ಸರಿಯಾಗಿ ಕೂತ್ಕೊಳ್ಳಿ ಅಮ್ಮ. ನಿಮ್ಮದಾದ ಮೇಲೆ ನಾನು ಓದುದು."

ಗ್ರಂಥಪಾಲಕರು ಸದಸ್ಯತ್ವದ ಚೀಟಿ ತಂದರು. "ಹೆಸರು ಹೇಳಿ, ಬರ್ಕೊಳ್ತೇನೆ."

ಅಮ್ಮಚ್ಚಿ ಅವರ ಕೈಯಿಂದ ಪೆನ್ನು ತೆಗೆದುಕೊಂಡರು. "ಬೇಡ, ನಾನೇ ಬರೆಯುದು."

ಇಷ್ಟು ನೆನೆಯುವಷ್ಟರಲ್ಲಿ ನನ್ನ ಬಸ್ಸು ಹೊರಟೇ ಹೋಗಿತ್ತು. ಬೇಸರವೇ ಆಗಲಿಲ್ಲ.