ನೀರಿನ ಮಾತು ಕೇಳುವ ಫ್ಯಾನು

ಬೆಳಗ್ಗೆ ಒಂಬತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಡಿಗ್ರಿ ಅಕ್ಕ ನಿವೃತ್ತ ಟೀಚರೊಬ್ಬರ ಮನೆಯಲ್ಲಿ, ಮೇಜಿನ ಕೆಳಗೆ ಬೋರಲು ಮಲಗಿ, ಕಂಪ್ಯೂಟರಿನ ಪೆಟ್ಟಿಗೆಗೆ ಕಿವಿ ಆನಿಸಿದ್ದಳು. ಒಂದು ಕೈಯಲ್ಲಿ ಗಡಿಯಾರ, ಇನ್ನೊಂದರಲ್ಲಿ ಪೆನ್ಸಿಲು.

ಆ ಅಡ್ಡಹೆಸರು ಇಟ್ಟವನು ಅವಳ ತಮ್ಮ. ಇಬ್ಬರೂ ಸೇರಿ ಕಂಪ್ಯೂಟರ್ ರಿಪೇರಿ ಅಂಗಡಿ ನಡೆಸುತ್ತಾರೆ. ಭೌತಶಾಸ್ತ್ರ ಓದಿದ ಅಕ್ಕನಿಗೆ ಯಾವುದೂ ಬರೀ ಬಿಸಿಯಲ್ಲ, ಬರೀ ತಣ್ಣಗಲ್ಲ. ಎಷ್ಟು ಬಿಸಿ ಎಂದು ತಿಳಿಯಬೇಕು. ತಮ್ಮನಿಗೆ ಜ್ವರ ಬಂದರೆ ‘ಪಾಪ’ ಅನ್ನುವ ಮೊದಲು ‘ಎಷ್ಟು?’ ಅನ್ನುತ್ತಾಳೆ. ಹಾಗೆಂದು ಕಲ್ಲುಮನಸ್ಸಿನವಳಲ್ಲ. ಗಂಟೆಗೊಮ್ಮೆ ಬಂದು ಹಣೆ ಮುಟ್ಟಿ ನೋಡುವವಳೂ ಅವಳೇ. ಮುಟ್ಟಿದ್ದನ್ನು ಬರೆದಿಡುತ್ತಾಳೆ, ಅಷ್ಟೆ.

ಟೀಚರದ್ದು ಬೇರೆ ಸಂಕಟ. ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿಸಿ ಧ್ವನಿ ಮುದ್ರಿಸಿಕೊಳ್ಳುವ ಗ್ರಂಥಾಲಯವೊಂದು ಅವರಿಗೆ ಒಂದು ದಪ್ಪ ಕಾದಂಬರಿ ಕೊಟ್ಟಿತ್ತು. ಮೂವತ್ತೊಂದು ವರ್ಷ ತರಗತಿಗಳಲ್ಲಿ ಓದಿದ ಗಂಟಲು. ನಿವೃತ್ತಿಯನ್ನು ಟೀಚರ್ ಒಪ್ಪಿದ್ದರೂ ಗಂಟಲು ಒಪ್ಪಿರಲಿಲ್ಲ. ಆದರೆ ಮೊದಲ ಹತ್ತು ನಿಮಿಷದ ಮಾದರಿ ಎರಡು ಸಲ ವಾಪಸಾಗಿತ್ತು. ‘ಓದು ಸೊಗಸಾಗಿದೆ, ಆದರೆ ಹಿಂದೆ ಯಾರೋ ನಿಟ್ಟುಸಿರು ಬಿಡುತ್ತಿದ್ದಾರೆ’ ಎಂಬ ಒಕ್ಕಣೆ ಬೇರೆ. ಮೂರನೆಯ ಮಾದರಿ ಈ ದಿನ ಮಧ್ಯಾಹ್ನ ಹನ್ನೆರಡರೊಳಗೆ ಹೋಗಬೇಕು. ಅದೂ ಸರಿಬರದಿದ್ದರೆ ಕಾದಂಬರಿ ಇನ್ನೊಬ್ಬರ ಪಾಲು.

“ನಾನಂತೂ ಉಸಿರು ಬಿಗಿಹಿಡ್ಕೊಂಡು ಕೂತಿದ್ದೆ ಕಣಮ್ಮ,” ಟೀಚರ ಗಂಡ ದೂರಿದರು. “ಆದ್ರೂ ಎರಡು ಸಲಾನೂ ತಪ್ಪು ನಂದೇ ಅಂತೆ.”

“ಮತ್ತಿನ್ಯಾರ ತಲೆಗೆ ಕಟ್ಲಿ? ಮನೇಲಿರೋದು ನಾವಿಬ್ರೇ, ನಾನು ಓದ್ತಾ ಇದ್ದೆ,” ಎಂದರು ಟೀಚರ್.

ಮೇಜಿನ ಕೆಳಗಿನಿಂದ ತೀರ್ಪು ಬಂತು. “ಯಜಮಾನ್ರೇ, ನೀವು ನಿರಪರಾಧಿ. ಉಸಿರು ಬಿಡ್ತಿರೋದು ಇದು. ನಿಮಿಷಕ್ಕೆ ಏಳು ಸಲ.”

ಟೀಚರ ಸೋದರಳಿಯ ಆಟವಾಡಲು ಕೊಂಡು, ಹೊಸದು ಬಂದ ಮೇಲೆ ಅತ್ತೆಗೆ ದಾಟಿಸಿದ ಭಾರೀ ಯಂತ್ರ ಅದು. ಅದರ ಚಿಪ್ಪಿನ, ಅಂದರೆ ಪ್ರೊಸೆಸರಿನ, ಕಾವನ್ನು ಒಂದು ಪುಟ್ಟ ಪಂಪು ಕೊಳವೆಯ ನೀರಿನಲ್ಲಿ ಹೊತ್ತು ತರುತ್ತದೆ. ಎರಡು ಫ್ಯಾನುಗಳು ಆ ನೀರನ್ನು ಆರಿಸುತ್ತವೆ. ಆ ಫ್ಯಾನುಗಳೇ ಹೂಂ ಎಂದು ಏರಿ, ಉಸ್ಸೆಂದು ಇಳಿಯುತ್ತಿದ್ದವು.

“ಅದಿರ್ಲಿ, ಇದಕ್ಕೆ ರಜಾಯಿ ಹೊದಿಸಿದ್ದು ಯಾರು?”

“ನಾನೇ,” ಎಂದರು ಗಂಡ, ಕೊಂಚ ಹೆಮ್ಮೆಯಿಂದಲೇ. “ಸದ್ದು ಅಡಗಲಿ ಅಂತ. ಮೊದಲ್ನೇ ಸಲ ವಾಪಸ್ ಬಂದಾಗ ಒಂದು ಹೊದಿಸ್ದೆ. ಎರಡನೇ ಸಲಕ್ಕೆ ಇನ್ನೊಂದು.”

“ನೀರು ನಲವತ್ನಾಲ್ಕು ಡಿಗ್ರಿ ಕಾದಿದೆ. ಆರಾಮಾಗಿ ಸ್ನಾನ ಮಾಡ್ಬಹುದು.”

ಟೀಚರ್ ಕನ್ನಡಕ ಜಾರುವಷ್ಟು ನಕ್ಕರು.

ರಜಾಯಿಗಳು ಮಂಚಕ್ಕೆ ಮರಳಿದವು. ಅಕ್ಕ ಗೋಡೆಗೊರಗಿ ಸುಮ್ಮನೆ ಕುಳಿತುಬಿಟ್ಟಳು.

“ಮುಂದಿಂದು ಮಾಡಿಬಿಡಮ್ಮ, ಹೊತ್ತಾಗ್ತಿದೆ,” ಎಂದು ಗಂಡ ಚಡಪಡಿಸಿದರು.

“ಒಂದ್ಸಲಕ್ಕೆ ಒಂದೇ ಬದಲಾವಣೆ, ಆಮೇಲೆ ಹತ್ತು ನಿಮಿಷ ಕಾಯೋದು. ಎರಡು ಒಟ್ಟಿಗೆ ಮಾಡಿದ್ರೆ ಯಾವುದ್ರಿಂದ ಏನಾಯ್ತು ಅಂತ ಹೇಗೆ ಹೇಳ್ಲಿ?”

ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ನೀರು ಮೂವತ್ತಮೂರಕ್ಕೆ ಇಳಿಯಿತು. ನಿಟ್ಟುಸಿರು ಮಾತ್ರ ನಿಲ್ಲಲಿಲ್ಲ. ಟೀಚರ ಮುಖ ಸಪ್ಪಗಾಯಿತು. ಅಕ್ಕನ ಮುಖವೋ ಅರಳಿತು: ಹಾಗಾದರೆ ರಜಾಯಿ ಆಮೇಲೆ ಸೇರಿಕೊಂಡ ಪೀಡೆ, ಮೂಲ ಬೇರೆಲ್ಲೋ ಇದೆ. ಅವಳು ತೆರೆಯ ಮೇಲೆ ಫ್ಯಾನಿನ ವೇಗ ನಿಯಂತ್ರಿಸುವ ಪುಟ ತೆರೆದಳು.

“ನೋಡಿ ಟೀಚರ್, ಫ್ಯಾನು ಚಿಪ್ಪಿನ ಬಿಸಿ ನೋಡಿ ಓಡ್ತಿದೆ. ನೀವು ಒಂದು ಫೈಲು ತೆರೆದ್ರೆ ಸಾಕು, ಚಿಪ್ಪು ನಲವತ್ತೈದ್ರಿಂದ ಎಪ್ಪತ್ತಕ್ಕೆ ನೆಗೆಯುತ್ತೆ, ಮರುಕ್ಷಣ ಇಳಿಯುತ್ತೆ. ಒಲೆ ಉರಿ ಕುಣಿದ ಹಾಗೆ. ಮೇಲಿರೋ ಪಾತ್ರೆ ನೀರು ಅಷ್ಟು ಬೇಗ ಕಾಯುತ್ತಾ?”

“ಇಲ್ಲ.”

“ಫ್ಯಾನು ಆರಿಸ್ಬೇಕಾದ್ದು ನೀರನ್ನ. ಆದ್ರೆ ಉರಿ ನೋಡಿ ಗಾಬರಿಯಾಗ್ತಿದೆ.”

“ನಮ್ಮನೆಯವರ ಥರ,” ಎಂದರು ಟೀಚರ್.

“ಲೇ, ನಾನು ಈಗ ತಾನೇ ಬಿಡುಗಡೆಯಾಗಿ ಬಂದೋನು ಕಣೇ!”

ಅಕ್ಕ ಫ್ಯಾನನ್ನು ಚಿಪ್ಪಿನಿಂದ ಬಿಡಿಸಿ ನೀರಿನ ತಾಪಕ್ಕೆ ಜೋಡಿಸಿದಳು. ಮೂವತ್ತಾರು ಡಿಗ್ರಿಯವರೆಗೆ ನಿಮಿಷಕ್ಕೆ ಆರುನೂರು ಸುತ್ತು. ಅಲ್ಲಿಂದ ಮೆಲ್ಲಗೆ ಏರಿಕೆ. ಐವತ್ತು ದಾಟಿದರೆ ಪೂರ್ತಿ ವೇಗ. ಪಂಪನ್ನು ಮುಟ್ಟಲಿಲ್ಲ. ಮತ್ತೆ ಹತ್ತು ನಿಮಿಷ. ಈ ಸಲ ಗಂಡನೂ ಗಡಿಯಾರ ನೋಡುತ್ತ ಕುಳಿತರು. ಏರಿಕೆಯಿಲ್ಲ, ಇಳಿತವಿಲ್ಲ. ಪಕ್ಕದ ಮನೆಯಲ್ಲಿ ಯಾರೋ ಚಮಚ ಕೆಳಗೆ ಬೀಳಿಸಿದ್ದು ಸ್ಪಷ್ಟವಾಗಿ ಕೇಳಿಸಿತು.

ಹನ್ನೊಂದು ಗಂಟೆಗೆ ಟೀಚರ್ ಓದತೊಡಗಿದರು. ಹತ್ತು ನಿಮಿಷ ತಡವರಿಸದೆ ಓದಿ, ಧ್ವನಿಯನ್ನು ಮತ್ತೆ ಹಾಕಿ ಕೇಳಿದರು. ಒಂಬತ್ತನೆಯ ನಿಮಿಷದಲ್ಲಿ, ಬಲು ಹತ್ತಿರದಲ್ಲಿ, ಒಂದು ದೀರ್ಘ ನಿಟ್ಟುಸಿರು.

ಅಕ್ಕ ಪೆನ್ಸಿಲ್ ಎತ್ತಿದವಳು ಹಾಗೆಯೇ ನಿಂತಳು. ಟೀಚರ್ ಮೆಲ್ಲಗೆ ತಿರುಗಿದರು.

“ಈ ಸಲ ನಾನೇ,” ಎಂದರು ಗಂಡ, ತಲೆ ಕೆರೆದುಕೊಳ್ಳುತ್ತ. “ಎಷ್ಟು ಚೆನ್ನಾಗ್ ಓದ್ತೀಯ ಅಂತ... ಬಂದುಬಿಡ್ತು.”

ಅವರನ್ನು ಪ್ರೀತಿಯಿಂದಲೇ ಮನೆಯಿಂದ ಆಚೆ ಹಾಕಿದ್ದಾಯಿತು. ಟೀಚರ್ ಮತ್ತೊಮ್ಮೆ ಓದಿದರು. ಹನ್ನೊಂದು ಐವತ್ತೆರಡಕ್ಕೆ ಮಾದರಿ ಹೋಯಿತು. ಒಪ್ಪಿಗೆಯ ಫೋನು ಬಂದಾಗ ಅಕ್ಕ ಅಂಗಡಿ ತಲುಪಿರಲೂ ಇಲ್ಲ. ಟೀಚರ್ ಬೀದಿಯವರೆಗೆ ಓಡಿಬಂದು ಅವಳನ್ನು ಕೂಗಿ ನಿಲ್ಲಿಸಿ, ಏದುಸಿರಿನಲ್ಲೇ ಅಪ್ಪಿಕೊಂಡರು.

ಕಾದಂಬರಿ ನಾಲ್ಕು ತಿಂಗಳಲ್ಲಿ ಮುಗಿಯಿತು. ಹದಿನಾಲ್ಕು ಗಂಟೆ ಇಪ್ಪತ್ತು ನಿಮಿಷದ ಓದು. ಟೀಚರ್ ಕಳಿಸಿದ ಪ್ರತಿಯನ್ನು ಡಿಗ್ರಿ ಅಕ್ಕ ಅಂಗಡಿಯಲ್ಲಿ ಕೆಲಸ ಮಾಡುತ್ತಲೇ ಎಂಟು ದಿನ ಕೇಳಿದಳು. ನಗುವ ಕಡೆ ನಕ್ಕಳು, ಒಂದೆರಡು ಕಡೆ ಕಣ್ಣೊರೆಸಿಕೊಂಡಳು. ಮಗ್ಗುಲಲ್ಲಿ ಟಿಪ್ಪಣಿ ಪುಸ್ತಕ, ಪೆನ್ಸಿಲು ಸಿದ್ಧವಾಗಿಯೇ ಇದ್ದವು. ಕೊನೆಯ ಸಾಲು ಮುಗಿದಾಗ ತಮ್ಮ ಕಿಚಾಯಿಸಿದ:

“ಏನಕ್ಕಾ, ಫ್ಯಾನು ಎಷ್ಟು ಸಲ ಕೇಳಿಸ್ತು?”

ಅವಳು ಕಿವಿಯಿಂದ ಇಯರ್‌ಫೋನ್ ತೆಗೆದು, ಖಾಲಿ ಹಾಳೆಯನ್ನು ಅವನತ್ತ ತಿರುಗಿಸಿ, ಅಂಗಡಿಯೆಲ್ಲ ಕೇಳುವಂತೆ ಹೇಳಿದಳು: “ಸೊನ್ನೆ.”